ಮಾವ ತೆಗೆದ ಸೂರ್ಯೋದಯ

ಇವತ್ತಿನ ಪತ್ರಿಕೆಯಲ್ಲಿ ಸಮುದ್ರದ ಬಂಡೆಗಳಾಚೆ ಹುಟ್ಟುತ್ತಿರುವ ಸೂರ್ಯನ ಫೋಟೋ ಬಂದಿದೆ. ಚೆನ್ನಾಗಿಯೇ ಇದೆ, ನಾನೇನೂ ಕೊಂಕು ತೆಗೆಯುವುದಿಲ್ಲ. ಆದರೆ ನೀವು ಹೊಳೆನರಸೀಪುರದ ನಮ್ಮ ಮಾವ ತೆಗೆದ ಸೂರ್ಯೋದಯವನ್ನು ನೋಡಬೇಕಿತ್ತು ಕಣ್ರೀ!

ಮಾವನದು ಬಟ್ಟೆ ಅಂಗಡಿ. ಹುಚ್ಚು ಮಾತ್ರ ಫೋಟೋದ್ದು. ಅದು ಯುದ್ಧದ ಕಾಲ. ಕ್ಯಾಮೆರಾಕ್ಕೆ ಹಾಕುವ ಗಾಜಿನ ಪ್ಲೇಟು ಹಾಸನದಲ್ಲೂ ಇಲ್ಲ, ಮೈಸೂರಿನಲ್ಲೂ ಇಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಒಂದು. ಹುಟ್ಟಿದಾರಭ್ಯ ಒಂದೂ ಫೋಟೋ ತೆಗೆಸಿಕೊಳ್ಳದ ನಮ್ಮ ಅತ್ತೆಗೆ ಅದರಲ್ಲಿ ತನ್ನ ಮುಖ ನೋಡುವ ಆಸೆ. ಮಾವನಿಗೋ ಹೇಮಾವತಿಯ ಬಂಡೆಗಳ ನಡುವೆ ಸೂರ್ಯ ಏಳುವುದೇ ಬೇಕು.

"ಸೂರ್ಯ ನಾಳೆನೂ ಬತ್ತಾನೆ, ನಾಡಿದ್ದೂ ಬತ್ತಾನೆ. ನಾನು ಬತ್ತೀನಾ?" ಎಂದರು ಅತ್ತೆ.

"ಇನ್ನೊಂದು ಪ್ಲೇಟ್ ಬರ್ಲಿ ತಡಿಯೇ, ಮೊದ್ಲು ನಿಂದೇ ತೆಗೀತೀನಿ," ಎಂದರು ಮಾವ.

ಅತ್ತೆ ಮಾತು ಬಿಟ್ಟರು. ಸಾರಿಗೆ ಉಪ್ಪೂ ಕಮ್ಮಿಯಾಯಿತು. ಮಾವ ಮಾತ್ರ ಹೊಳೆಗೆ ಹೋಗಿ, ಕ್ಯಾಮೆರಾ ನಿಲ್ಲಿಸುವ ಬಂಡೆಗೆ ವಿಭೂತಿಯಲ್ಲಿ ಗುರುತು ಹಾಕಿ ಬಂದರು. ಮಾರನೆಯ ದಿನ ನೋಡಿದರೆ ಯಾರೋ ಪುಣ್ಯಾತ್ಮರು ಅಲ್ಲಿ ಹೂವಿಟ್ಟು ಹೋಗಿದ್ದರು.

ಫೋಟೋದ ದಿನ ಅತ್ತೆಯೂ ಬಂದರು. ಗಂಡನ ಮನಸ್ಸು ಕೊನೇ ಗಳಿಗೆಯಲ್ಲಿ ಬದಲಾದೀತೆಂದು ರೇಷ್ಮೆ ಸೀರೆ ಉಟ್ಟೇ ಬಂದಿದ್ದರು, ಪಾಪ. ಜೊತೆಗೆ, ಆಗಿನ್ನೂ ಹುಡುಗನಾಗಿದ್ದ ನಾನು. ಬಂಡೆಯ ಮೇಲೆ ಕೆಂಪು ಅಂಚು ಕಾಣಿಸಿತು. ಮಾವ ಕ್ಯಾಮೆರಾ ಕಣ್ಣಿನ ಮುಚ್ಚಳ ತೆಗೆದರು. ರೆಪ್ಪೆ ಬಡಿಯುವುದರೊಳಗೆ ಮತ್ತೆ ಮುಚ್ಚಬೇಕು. ಆದರೆ ಬುದ್ಧಿ ಬಂದಾಗಿನಿಂದ ಅದೇ ಹೊಳೆಯಲ್ಲಿ ಮಿಂದು ಸೂರ್ಯನಿಗೆ ಕೈಮುಗಿದ ಜೀವ ಅದು. ಮುಚ್ಚಳ ಅಂಗೈಗಳ ನಡುವೆ ಸೇರಿತು, ಕಣ್ಣು ಮುಚ್ಚಿತು, ತುಟಿ ಅಲುಗತೊಡಗಿತು!

ಅತ್ತೆ ನೋಡಿದರು. ಮಾತು ಬಿಟ್ಟವರಲ್ಲವೇ, ಹಲ್ಲು ಕಚ್ಚಿ ಸುಮ್ಮನಿದ್ದರು. ಕೊನೆಗೆ ತಡೆಯಲಾಗಲಿಲ್ಲ.

"ರೀ, ಮುಚ್ಚಳ! ಮುಚ್ಚಳ ಕಣ್ರೀ!"

ಅಷ್ಟರಲ್ಲಿ ಬೆಳಕು ಅತಿಯಾಗಿ ನುಗ್ಗಿ ಇದ್ದೊಂದು ಪ್ಲೇಟೂ ಕೆಟ್ಟಿತ್ತು. ತೊಳೆದು ಅಚ್ಚು ಹಾಕಿದರೆ ಬಂಡೆಯಿಲ್ಲ, ಹೊಳೆಯಿಲ್ಲ, ಸೂರ್ಯನೂ ಇಲ್ಲ; ಬರೀ ಬಿಳಿ ಹಾಳೆ.

"ಅಷ್ಟೊತ್ತು ಅದೇನ್ ಕೇಳ್ಕತಿದ್ರಿ ಸೂರ್ಯನ್ನ?" ಎಂದರು ಅತ್ತೆ.

ಮಾವ ತಲೆ ತಗ್ಗಿಸಿ, "ನೀನು ಮಾತಾಡ್ಲಿ ಅಂತ," ಎಂದರು.

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಬಿಳಿ ಹಾಳೆಗೆ ತಾವೇ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಯುದ್ಧ ಮುಗಿದು ಪ್ಲೇಟುಗಳು ಬರುವ ಹೊತ್ತಿಗೆ ಅತ್ತೆ ಇರಲಿಲ್ಲ. ಮಾವ ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ.

ಈಗ ಅದು ನಮ್ಮ ಮನೆಯ ಗೋಡೆಯ ಮೇಲಿದೆ. ಇದೇನೆಂದು ಯಾರಾದರೂ ಕೇಳಿದರೆ ಮಾವ ತೆಗೆದ ಸೂರ್ಯೋದಯ ಎಂದು ಇಷ್ಟು ದಿನ ನಗಿಸುತ್ತಿದ್ದೆ. ಇವತ್ತು ಪತ್ರಿಕೆ ಹಾಕುವವನು ಬಾಗಿಲಲ್ಲೇ ನಿಂತು ಕೇಳಿದ, "ಅದ್ಯಾರ ಫೋಟೋ ಸಾ?"

"ನಮ್ಮತ್ತೇದು ಕಣಪ್ಪ," ಎಂದೆ.