ಪಕ್ಕದ ಸೀಟಿನ ಆಂಟಿ

ಬಸ್ಸು ಬಾರದ, ಅಮೆರಿಕದ ಫ್ಲವರ್ ಮೌಂಡ್ ಊರಿನಲ್ಲಿ ಲೈಸೆನ್ಸ್ ಇಲ್ಲದ ನಾನು ಹಾಲಿಗೂ ಗಂಡನ ದಾರಿ ಕಾಯಬೇಕಿತ್ತು. ನನಗೆ ಡ್ರೈವಿಂಗ್ ಕಲಿಸಿದವರು ಹುಬ್ಬಳ್ಳಿ ಕಡೆಯ ಆಂಟಿ. ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿಲ್ಲದ ಬ್ರೇಕನ್ನು ಚಪ್ಪಲಿಗಾಲಲ್ಲಿ ಒತ್ತುತ್ತಾ, "ಪಾಳಿ ಬಂದ್ರ ಹೋಗಬೇಕವಾ" ಅನ್ನೋರು.

ಟೆಸ್ಟಿನ ಹಿಂದಿನ ದಿನ, ನಾಲ್ಕೂ ಕಡೆ ಸ್ಟಾಪ್ ಬೋರ್ಡಿರುವ, ಮೊದಲು ಬಂದವರೇ ಮೊದಲು ಹೋಗಬೇಕಾದ ಚೌಕಕ್ಕೆ ಮೊದಲು ಬಂದಿದ್ದು ನಾನೇ. ಆದರೂ ಎಡಗಡೆ ಕಾರಿನ ತೆಲುಗು ಆಂಟಿಗೆ "ನೀವು ಹೋಗಿ" ಎಂದು ಕೈ ತೋರಿಸಿದೆ. ಅವರು ಎದುರಿನ ಪಿಕಪ್‌ನಲ್ಲಿದ್ದ ಅಮೆರಿಕನ್ ತಾತನಿಗೆ ತೋರಿಸಿದರು. ತಾತ ಹ್ಯಾಟ್ ಎತ್ತಿ ನನಗೇ ತೋರಿಸಿದರು. ಯಾರೂ ಕದಲಲಿಲ್ಲ.

"ಏ ಕಾನ್ವೆಂಟ್, ನಾಳೆ ಹಿಂಗ ಮಾಡಿದ್ರ ಫೇಲ್! ಮರ್ಯಾದಿ ಎಲ್ಲಾ ಚಾಕ್ಕ ಕರದಾಗ ತೋರಸು. ಪಾಳಿ ಬಂದ್ರ ಹೋಗಬೇಕವಾ," ಅಂದರು ನಮ್ಮ ಆಂಟಿ. ಹೋದೆ.

ಮರುದಿನ ಪಾಸಾದೆ. ಮನೆಗೆ ಬರುವಾಗ ಆಂಟಿ ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಕಾಲು ಮಡಚಿಕೊಂಡು, ನಿದ್ದೆಹೋಗಿಬಿಟ್ಟರು.