ನುಂಗಿದ ಸಿಟ್ಟಿಗೊಂದು ಹುಲ್ಲುಕಡ್ಡಿ

ಕ್ರಿಸ್‌ಮಸ್ಸಿನ ಹಿಂದಿನ ದಿನ, ಸುಡುಬಿಸಿಲಲ್ಲಿ, ಪಂಪಾವತಿ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೊಸಪೇಟೆ ಬಸ್ ನಿಲ್ದಾಣದೊಳಗೆ ನುಗ್ಗಿದಳು. ಅತ್ತೆ ಗಾಳೆಮ್ಮ ಮನೆ ಬಿಟ್ಟು ಹೊರಟಿದ್ದಳು. ಸಂಡೂರಿನ ಬಸ್ಸು ಹತ್ತಿ, ಅಲ್ಲಿಂದ ಚೋರನೂರಿನ ತನ್ನ ಮಗಳ ಮನೆ ಸೇರಿಬಿಟ್ಟರೆ ಮುದುಕಿ ಮತ್ತೆ ಈ ಕಡೆ ತಲೆ ಹಾಕುವವಳಲ್ಲ. ಹೆಂಗಸರಿಗೆ ಬಸ್ಸಿಗೆ ದುಡ್ಡು ಕೊಡುವ ಹಂಗಿಲ್ಲದ ಕಾಲ ಇದು. ಸಿಟ್ಟು ಬಂದರೆ ಹತ್ತಿ ಕೂರುವುದು ಭಾಳ ಸುಲಭವಾಗಿದೆ.

ಗಂಡ ಮಾರೇಶ್ ಫೋನಿನಲ್ಲಿ ಅಬ್ಬರಿಸಿದ್ದು ಇನ್ನೂ ಕಿವಿಯಲ್ಲಿ ಕುಟ್ಟುತ್ತಿತ್ತು. "ನಮ್ಮವ್ವ ಮನಿಗೆ ಬರಲಿಲ್ಲಂದ್ರ ಇವತ್ತಿಗೇ ಎಲ್ಲಾ ಮುಗೀತು ನೋಡು. ಚರ್ಚೂ ಇಲ್ಲ, ನಕ್ಷತ್ರಾನೂ ಇಲ್ಲ. ಮಕ್ಕಳ ಮುಂದ ಯೇಸಪ್ಪನ ಹೆಸರು ಎತ್ತೀಯಂದ್ರ, ನಾ ಮನುಷ್ಯ ಅಲ್ಲ!"

ಅಂದದ್ದನ್ನು ಮಾಡಿಯೇ ತೀರುವ ಗಂಡಸು ಅವನು. ಒಮ್ಮೆ ಟಿವಿಯ ಸದ್ದು ಜಾಸ್ತಿಯಾಯಿತೆಂದು ಅದನ್ನೇ ಹೊರಗೆ ಎತ್ತಿ ಒಗೆದವನು ಇವತ್ತಿನವರೆಗೂ ಮನೆಗೆ ಇನ್ನೊಂದು ಟಿವಿ ತಂದಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಕಟ್ಟು ಭತ್ತದ ಹುಲ್ಲು.

ಪಂಪಾವತಿಯ ತವರು ಕಂಪ್ಲಿ. ಅವಳಪ್ಪ ಪಾಲಪ್ಪ ಅಲ್ಲಿನ ಸಣ್ಣದೊಂದು ಕ್ರೈಸ್ತ ಸಭೆಗೆ ಉಪದೇಶಿಯಾಗಿದ್ದವನು. ಹಗಲೆಲ್ಲ ಗದ್ದೆ ಕೆಲಸ, ಭಾನುವಾರ ಬೈಬಲ್ಲು. ಮದುವೆಯಾಗಿ ಕಡ್ಡಿರಾಂಪುರಕ್ಕೆ ಬಂದ ಮೇಲೆ ಪಂಪಾವತಿ ಗಂಡನನ್ನೂ ಚರ್ಚಿಗೆ ಕರೆತಂದಳು. ಬಂದನೆಂದರೆ ಹಬ್ಬಕ್ಕೆ ಬಂದ. ಉಳಿದ ದಿನ ಹಂಪಿಗೆ ಆಟೊ ಓಡಿಸುವುದೇ ಅವನ ಪ್ರಾರ್ಥನೆ. ಗಾಳೆಮ್ಮ ಮಾತ್ರ ತನ್ನ ಹೆಸರಿನ ದೇವಿಯನ್ನು ಬಿಡಲಿಲ್ಲ. ಮಂಗಳವಾರ ತಪ್ಪದೆ ಕಾಯಿ ಒಡೆಸುತ್ತಿದ್ದಳು. ಸೊಸೆಗೆ ಮೊದಲೇ ಹೇಳಿಟ್ಟಿದ್ದಳು: "ನಿಮ್ಮ ದೇವ್ರು ನಿಮಗ, ನಮ್ಮವ್ವ ನನಗ. ಮಕ್ಕಳನ್ನ ನನ್ನ ಮ್ಯಾಲೆ ಎತ್ತಿಕಟ್ಟಿದ ದಿನ ನಾ ಈ ಮನ್ಯಾಗ ಇರಾಕಿ ಅಲ್ಲ."

ಇಷ್ಟು ವರ್ಷ ಅಂಥ ದಿನ ಬಂದಿರಲಿಲ್ಲ.

ಈ ಸಲ ಮಕ್ಕಳು ತಿಳಿವಳಿಕೆಗೆ ಬಂದಿದ್ದವು. ಎಸ್ತರ್ ಒಂದನೇ ತರಗತಿ, ಯೋನ ಅಂಗನವಾಡಿ. ಕ್ರಿಸ್‌ಮಸ್ ಎಂದರೆ ಹೊಸ ಬಟ್ಟೆ, ಕೇಕು ಎಂದಷ್ಟೇ ಅಂದುಕೊಂಡು ಬೆಳೆಯಬಾರದು ಎಂದು ಪಂಪಾವತಿಗೆ ಹಠ. ಓಣಿಯ ಉಳಿದ ಕ್ರೈಸ್ತರ ಮನೆಗಳಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ನೆನಪಿಗೆ ಥರ್ಮಾಕೋಲಿನ ಗೋದಲಿ, ಮಿಣಿಮಿಣಿ ದೀಪ. ಇವಳು ಹಳೆಯ ಹಲಗೆ ಪೆಟ್ಟಿಗೆಯೊಂದನ್ನು ಕೊಟ್ಟಿಗೆಯಲ್ಲಿ, ಎಮ್ಮೆಯ ಪಕ್ಕದಲ್ಲೇ ಇಟ್ಟಳು. ಕಂಪ್ಲಿಯಿಂದ ಒಂದು ಕಟ್ಟು ಹುಲ್ಲು ತರಿಸಿ ಅದರ ಬದಿಗಿಟ್ಟಳು.

"ಸಿಟ್ಟು ಬಂತು, ನುಂಗಿದ್ರಿ, ಒಂದು ಕಡ್ಡಿ ಹಾಕ್ರಿ. ಹೊಡಿಯಾಕ ಎತ್ತಿದ ಕೈ ಇಳಿಸಿದ್ರಿ, ಇನ್ನೊಂದು ಕಡ್ಡಿ. ಹುಟ್ಟಿ ಬರೋ ಕೂಸಿಗೆ ಹಲಗಿ ಒತ್ತಬಾರದು. ಮೆತ್ತಗ ಹಾಸಿಗಿ ನಾವೇ ಹಾಸಬೇಕು" ಎಂದಳು.

ಮಕ್ಕಳು ಮರುಳಾದವು. ಯೋನ ಸಿಟ್ಟೇ ಬರದಿದ್ದರೂ ಹಿಡಿ ಹಿಡಿ ತುಂಬುತ್ತಿದ್ದ. ಎಸ್ತರ್ ಹಾಗಲ್ಲ, ಒಂದೊಂದು ಕಡ್ಡಿಯನ್ನೂ ದುಡಿದು ಹಾಕುವಳು. ಜೊತೆಗೆ ಯಾರು ಹಾಕಲಿಲ್ಲ ಎಂಬ ಕಡೆಗೂ ಕಣ್ಣು. "ಅಪ್ಪ, ನಿಂದೊಂದೂ ಇಲ್ಲ" ಎಂದರೆ ಮಾರೇಶ್, "ನನ್ನ ಸಿಟ್ಟಿಗೆ ಕಂಪ್ಲಿ ಗದ್ದಿ ಹುಲ್ಲೆಲ್ಲಾ ತಂದ್ರೂ ಸಾಲಂಗಿಲ್ಲವಾ" ಎಂದು ನಗುತ್ತಿದ್ದ.

ಆ ದಿನ ಬೆಳಿಗ್ಗೆ ಪಂಪಾವತಿ ಎಸ್ತರಳನ್ನು ಕರೆದುಕೊಂಡು ಹೊಸಪೇಟೆಯ ಚರ್ಚಿಗೆ ಹೋದಳು. ಸಂಜೆ ಮಕ್ಕಳ ನಾಟಕ, ಅದರ ತಯಾರಿ. ಮಧ್ಯಾಹ್ನ ತಿರುಗಿ ಬಂದು ನೋಡಿದರೆ ಪೆಟ್ಟಿಗೆ ಬರಿದು, ಕಟ್ಟೂ ಇಲ್ಲ. ಎಮ್ಮೆಯ ಬಾಯಲ್ಲಿ ಕೊನೆಯ ಎರಡು ಕಡ್ಡಿ ಅಲ್ಲಾಡುತ್ತಿದ್ದವು.

"ಯಾರು ಹಾಕಿದ್ರು?" ಎಂದು ಎಸ್ತರ್ ಕಿರುಚಿದಳು.

"ನಾನೇ ಹಾಕಿದೆ" ಎಂದಳು ಗಾಳೆಮ್ಮ.

"ನೀನು ಹೆರೋದ! ಯೇಸಪ್ಪನ ಹಾಸಿಗಿ ತಿನಿಸಿದಿ! ನೀನು ಹೆರೋದ!"

"ಅಂದ್ರ ಯಾರವಾ ಅವ?"

"ಸಣ್ಣ ಕೂಸುಗಳನ್ನ ಕೊಲ್ಲಿಸಿದ ರಾಜ!"

ಆ ಎರಡೂ ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತೀಡಿ, ನೀರು ಹಾಕಿ ಬೆಳೆಸಿದ ಕೈ ಅವಳದು. ಗಾಳೆಮ್ಮ ಸೀರೆಗಳನ್ನು ಗಂಟು ಕಟ್ಟಿದಳು, ರೋಡಿಗೆ ನಡೆದಳು, ಬಂದ ಬಸ್ಸಿಗೆ ಕೈ ಮಾಡಿದಳು. ಪಕ್ಕದ ಮನೆಯ ಕರೆಮ್ಮ ಬಂದು ಹೇಳುವವರೆಗೂ ಪಂಪಾವತಿಗೆ ಗೊತ್ತೇ ಆಗಲಿಲ್ಲ. ಯೋನನನ್ನು ಕರೆಮ್ಮನ ಕೈಗೆ ಕೊಟ್ಟು, ಗಂಡನಿಗೆ ಫೋನು ಮಾಡಿ, ಎಲ್ಲ ಹೇಳಿದಳು.

ಎಲ್ಲವನ್ನೂ ಹೇಳಿದಳು, ಒಂದನ್ನು ಬಿಟ್ಟು. ಎಮ್ಮೆಗೆ ಮೇವು ತರುವುದು ದಿನಾ ಅವಳ ಕೆಲಸ. ಆ ದಿನ ನಾಟಕದ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದಳು. ಅದನ್ನು ಗಂಡನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಅವನ ಸಿಟ್ಟೆಲ್ಲ ತನ್ನ ಕಡೆ, ತನ್ನ ಚರ್ಚಿನ ಕಡೆ ತಿರುಗುತ್ತದೆಂದು ಗೊತ್ತಿತ್ತು. ಆರು ವರ್ಷದ ಮಗಳ ತಲೆಯ ಮೇಲೆ ಭಾರವೆಲ್ಲ ಕೂತಿತು.

ನಿಲ್ದಾಣದಲ್ಲಿ ಸಂಡೂರು ಬಸ್ಸು ಇನ್ನೂ ನಿಂತಿತ್ತು. ಪಂಪಾವತಿ ಮಗಳನ್ನು ಎಳೆದುಕೊಂಡೇ ಹತ್ತಿದಳು. ಗಾಳೆಮ್ಮ ಕಿಟಕಿ ಪಕ್ಕ, ಮಡಿಲಲ್ಲಿ ಗಂಟು.

"ಅತ್ತೀ, ಇಳೀರಿ. ಕೈ ಮುಗೀತೀನಿ. ಹುಡುಗಿಗೆ ತಿಳೀಲಿಲ್ಲ."

"ಹುಡುಗಿದೇನು ತಪ್ಪು? ಆಕಿ ಬಾಯಾಗ ಆ ಹೆರೋದನ್ನ ತಂದು ಇಟ್ಟವ್ರು ಯಾರು?"

ಮುಂದಿನ ಸೀಟಿನಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡವಳು ಹಿಂದಕ್ಕೆ ತಿರುಗಿದಳು. "ಯಾರಬೇ ಅವ ಹೆರೋದ? ನಿನ್ನ ಅಳಿಯನೇನು?"

"ಅಳಿಯ ಆಗಿದ್ರ ಎರಡು ಬಿಟ್ಟು ಬುದ್ಧಿ ಹೇಳ್ತಿದ್ದೆ. ರಾಜ ಅಂತ!"

ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಪಂಪಾವತಿಯ ಮುಖಕ್ಕೆ ರಕ್ತ ಏರಿತು. ಮಗಳನ್ನು ಮುಂದೆ ನೂಕಿದಳು. "ಅಜ್ಜಿಗೆ ತಪ್ಪಾತು ಅನ್ನು."

"ಅನ್ನಂಗಿಲ್ಲ" ಎಂದಳು ಎಸ್ತರ್. ಕಣ್ಣಲ್ಲಿ ನೀರು, ದವಡೆ ಮಾತ್ರ ಅಪ್ಪನದೇ. "ಅಪ್ಪ ಹಾಕಿಲ್ಲ, ಅಜ್ಜಿ ಹಾಕಿಲ್ಲ. ಎಲ್ಲಾ ನನ್ನವೇ ಕಡ್ಡಿ. ನನ್ನವೇ ಹೋದವು."

ಪಂಪಾವತಿಯ ಕೈ ಮೇಲೆದ್ದಿತು.

"ಹೊಡಿ ನೋಡೋಣ!" ಗಾಳೆಮ್ಮ ಎದ್ದು ನಿಂತಳು. ಎದ್ದ ಕೈ ಅಲ್ಲೇ ನಿಂತಿತು. ಮುದುಕಿ ಕೂತು, ದನಿ ಇಳಿಸಿ, ಸೊಸೆಗೆ ಮಾತ್ರ ಕೇಳುವಂತೆ ಹೇಳಿದಳು. "ಎಮ್ಮಿ ಮುಂಜಾನಿಂದ ಒದರ್ತಿತ್ತು. ನನಗೆ ಮೊಣಕಾಲು ಏಳಂಗಿಲ್ಲ, ಹೊಲಕ್ಕ ಹೋಗಾಕ ಆಗಂಗಿಲ್ಲ. ಮೇವು ಯಾರು ತರಬೇಕಿತ್ತು, ನಿನಗ ಗೊತ್ತು, ನನಗ ಗೊತ್ತು. ನನ್ನ ಮಗನ ಮುಂದ ನಾ ಬಾಯಿ ಬಿಟ್ಟೀನೇನು? ದನ ಉಪಾಸ ಒದರೋ ಕೊಟ್ಟಿಗ್ಯಾಗ ನಿಮ್ಮ ಕೂಸು ಮಲಗ್ತಿತ್ತೇನವಾ?"

ಪಂಪಾವತಿಗೆ ಅಪ್ಪ ಹೇಳಿಕೊಟ್ಟ ಬೈಬಲ್ ವಚನಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ.

"ಸಂಡೂರು, ಸಂಡೂರು! ಹೊಂಟ್ವಿ! ಇಳಿಯೋರು ಇಳೀರಿ, ಜಗಳ ಕೆಳಗ ನಿಂತು ಆಡ್ರಿ!" ಎಂದು ಕಂಡಕ್ಟರ್ ಬಾಗಿಲು ಬಡಿದ.

ಆಗಲೇ ಫೋನು ಹೊಡೆದುಕೊಂಡಿತು. ಮಾರೇಶ್. "ನಿಲ್ದಾಣದ ಹೊರಗ ಅದೀನಿ. ಸಿಕ್ಕಳೇನು ಅವ್ವ?"

ಎಲ್ಲರೂ ನೋಡುತ್ತಿದ್ದರು. ಮಗಳೂ. ಪಂಪಾವತಿ ಫೋನು ಕಿವಿಗೆ ಒತ್ತಿಕೊಂಡಳು.

"ರೀ, ಕೇಳ್ರಿ. ಹುಡುಗಿದಲ್ಲ ತಪ್ಪು, ಅತ್ತಿದೂ ಅಲ್ಲ. ಎಮ್ಮಿಗೆ ಮೇವು ತರೋದು ಮರತೆ ನಾನು. ಹಸಿದಿತ್ತಂತ ಅತ್ತಿ ಆ ಹುಲ್ಲು ಹಾಕ್ಯಾರ. ನಿಮಗ ಹೆದರಿ ಹೇಳಲಿಲ್ಲ. ಇನ್ನ ನೀವು ಚರ್ಚು ಬಿಡಸ್ರಿ, ಏನಾರ ಮಾಡ್ರಿ."

ಆ ಕಡೆಯಿಂದ ಫೋನು ಕಟ್ಟಾಯಿತು.

ಅವಳು ಎಸ್ತರಳನ್ನು ಕರೆದುಕೊಂಡು ಕೆಳಗಿಳಿಯುವಷ್ಟರಲ್ಲಿ ಮಾರೇಶ್ ಜನರನ್ನು ತಳ್ಳಿಕೊಂಡು ಬರುತ್ತಿದ್ದ, ಖಾಕಿ ಅಂಗಿಯ ಗುಂಡಿ ಬಿಚ್ಚಿ. "ಲೇ! ನಿನ್ನ ನಾಟಕಕ್ಕ ನಮ್ಮವ್ವನ್ನ ಬೀದಿಗೆ ಹಾಕ್ದೇನಲೇ? ಸುಳ್ಳು ಬ್ಯಾರೆ! ಇದನ್ನೇ ಕಲಿಸ್ತಾರೇನು ನಿಮ್ಮ ಚರ್ಚಿನ್ಯಾಗ?"

ಪಂಪಾವತಿ ಕದಲಲಿಲ್ಲ. ಎಸ್ತರ್ ಅವ್ವನ ಸೀರೆಯೊಳಗೆ ಮುಖ ಹುದುಗಿಸಿದಳು. ಹಣ್ಣಿನ ಅಂಗಡಿಯವನು ತಕ್ಕಡಿ ಕೆಳಗಿಟ್ಟು ನೋಡತೊಡಗಿದ. ಹೊರಟಿದ್ದ ಬಸ್ಸಿನ ಕಿಟಕಿಯಿಂದ ಬಿಳಿ ತಲೆಯೊಂದು ಹೊರಗೆ ಬಂತು.

"ಲೇ ಮಾರ್ಯಾ! ಮುಚ್ಚು ಬಾಯಿ!" ಮುದುಕಿ ಬಸ್ಸಿನ ತಗಡು ದಬದಬ ಬಡಿದಳು. "ನಿಲ್ಸಪ್ಪಾ, ನಿಲ್ಸು!"

"ಅಜ್ಜೀ, ಟಿಕೆಟ್ ಹರದೀನಲ್ಲ!" ಎಂದು ಕಂಡಕ್ಟರ್ ಬೊಬ್ಬೆ ಹೊಡೆದ.

"ಬಿಟ್ಟಿ ಟಿಕೆಟ್ಟು! ನಿಮ್ಮಪ್ಪನ ಗಂಟೇನು ಹೋತು?"

ಗಂಟು ಕಂಕುಳಲ್ಲಿ ಇರುಕಿಕೊಂಡು, ಮೊಣಕಾಲು ಹಿಡಿದುಕೊಂಡು ಇಳಿದು ಬಂದವಳು ಸೀದಾ ಮಗನ ಮುಂದೆ ನಿಂತಳು. "ನಾಕು ಮಂದಿ ಮುಂದ ಹೆಂಡ್ತಿ ಮ್ಯಾಲೆ ಒದರ್ತೀಯೇನು? ಎಮ್ಮಿ ಹಾಲು ಕುಡಿಯೋ ಮುಂದ ಬಾಯಿ ಬರ್ತೈತಿ, ಮೇವು ಹಾಕಾಕ ಕೈ ಇಲ್ಲೇನು ನಿನಗ? ಆಕಿ ತನ್ನ ತಪ್ಪು ತಾನೇ ಹೇಳಿದ್ಲು, ಬಸ್ಸಿನ ತುಂಬಾ ಮಂದಿ ಕೇಳಂಗ. ನೀ ಹುಟ್ಟಿದಾಗಿಂದ ಒಂದ್ಸಲ ಹೇಳೀಯೇನು?"

ಮಾರೇಶನ ಕುತ್ತಿಗೆಯ ನರ ಉಬ್ಬಿ ಹಾಗೇ ನಿಂತಿತ್ತು. ಇನ್ನೊಂದು ಮಾತು ಬಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ. ಅಷ್ಟರಲ್ಲಿ ಸಂಡೂರು ಬಸ್ಸು ಹಾರ್ನ್ ಹಾಕಿಕೊಂಡು ಹೊರಟು ಹೋಯಿತು. ಅವನು ಅಂಗಿಯ ಗುಂಡಿ ಹಾಕಿಕೊಂಡು, ಅವ್ವನ ಕೈಯಿಂದ ಗಂಟು ಇಸಕೊಂಡು ಆಟೊ ಕಡೆ ನಡೆದ.

ಆಟೊದಲ್ಲಿ ಗಾಳೆಮ್ಮ ಮೂಲೆಗೆ ಕೂತಳು, ಪಂಪಾವತಿ ಈಚೆ ತುದಿಗೆ. ಎಸ್ತರ್ ನಡುವೆ.

"ಅಜ್ಜೀ, ನೀ ಹೆರೋದ ಅಲ್ಲ" ಎಂದಳು ಮಗು, ತನ್ನ ಮೊಣಕಾಲು ನೋಡಿಕೊಂಡು.

"ಮತ್ತ ಯಾರು?"

"ಗೊತ್ತಿಲ್ಲ."

"ಗೊತ್ತಾದ ಮ್ಯಾಲೆ ಹೇಳು. ಅಲ್ಲೀತನ ನನ್ನ ಮಾತಾಡಸಬ್ಯಾಡ."

ಊರ ಹೊರಗೆ ಬಂದ ಮೇಲೆ ಮಾರೇಶ್ ರೋಡಿನ ಬದಿ ಹಸಿ ಜೋಳದ ಸೊಪ್ಪೆ ಹೇರಿದ್ದ ಎತ್ತಿನ ಗಾಡಿ ಕಂಡು ಆಟೊ ನಿಲ್ಲಿಸಿದ. ತಾನೇ ಇಳಿದು ಎರಡು ಹೊರೆ ಮೇವು ತಂದು ಆಟೊದ ಹಿಂದೆ ತುರುಕಿದ. ಕನ್ನಡಿಯಲ್ಲಿ ಹೆಂಡತಿಯ ಕಣ್ಣು ತಪ್ಪಿಸುತ್ತ, "ಚರ್ಚಿಗೆ ಎಷ್ಟೊತ್ತಿಗೆ ಹೋಗಬೇಕು?" ಎಂದ.

"ಆರಕ್ಕ."

"ಹೂಂ."

ಗಾಳೆಮ್ಮ ಸೊಸೆಯ ಕಡೆ ತಿರುಗಿದಳು. "ನಾಟಕದಾಗ ಏನು ಈಕಿದು?"

"ಕುರುಬರ ಪಾತ್ರ, ಅತ್ತಿ. ಟವೆಲ್ ಹೊದಿಸ್ತೀವಿ."

"ಟವೆಲ್ ಹೊದ್ದು ಕುರಿ ಕಾಯ್ತಾರೇನು? ನೋಡಿದವ್ರು ಜಳಕಕ್ಕ ಹೊಂಟಾಳ ಅಂತಾರ. ನನ್ನ ಟ್ರಂಕಿನ್ಯಾಗ ಕರೇ ಕಂಬಳಿ ಐತಿ, ನಮ್ಮಪ್ಪಂದು. ಹೊಂಟ ಮುಂದ ತಗೋ." ಸ್ವಲ್ಪ ತಡೆದು, ಮೊಮ್ಮಗಳಿಗೆ ಕೇಳುವಂತೆ ಸೇರಿಸಿದಳು. "ಕೆಸರಿಗೆ ಹಾಕಿದ್ರ ಮಾತ್ರ ನೋಡು, ಆಮ್ಯಾಲೆ ನಾ ಖರೇನೇ ಹೆರೋದ ಆಗ್ತೀನಿ."