ಹನುಮಮ್ಮ ಸುಣ್ಣ ಹೊಡೆದ ಗೋಡೆ

ಹಾರನಹಳ್ಳಿಯಲ್ಲಿ ಬೆಳಗಿನ ಆರು ಗಂಟೆ. ಹನುಮಮ್ಮ ಸೆರಗಿನ ತುದಿಗೆ ಕಟ್ಟಿದ ಬೀಗದಕೈ ಬಿಚ್ಚುತ್ತಾರೆ. ಚಪ್ಪಲಿ ಕೆಳಗೇ ಬಿಟ್ಟು, ಒಂದು ಕೈಯಲ್ಲಿ ಮಂಡಿ ಒತ್ತಿಕೊಳ್ಳುತ್ತ ಅಟ್ಟದ ಮರದ ಮೆಟ್ಟಿಲು ಹತ್ತುತ್ತಾರೆ. ಕಿಟಕಿ ತೆರೆದ ಮೇಲೆ ಕೆಲಸ ಶುರು. ಕುಂಚಗಳನ್ನು ಒಂದೊಂದೇ ಎತ್ತಿ, ಒಣಬಟ್ಟೆಯಲ್ಲಿ ಒರೆಸಿ, ಎತ್ತಿದ ಜಾಗದಲ್ಲೇ ಇಡುತ್ತಾರೆ. ಬಣ್ಣದ ಪುಡಿ ತುಂಬಿದ ತೆಂಗಿನ ಚಿಪ್ಪುಗಳ ಮೇಲಿನ ಕಾಗದ ಕೊಡವಿ ಮತ್ತೆ ಮುಚ್ಚುತ್ತಾರೆ. ಈ ಮನೆಯ ಬಗ್ಗೆ ಬರೆಯಲು ಬಂದಿದ್ದ ನಾನು ಸಹಾಯ ಮಾಡೋಣವೆಂದು ಒಂದು ಚಿಪ್ಪು ಮುಟ್ಟಿದ್ದೇ ತಡ, "ಅದ್ನ ಅಲ್ಲೇ ಬುಡಿ ಸ್ವಾಮಿ, ನೀವು ಸುಮ್ಕೆ ಕುಂತ್ಕಳಿ" ಎಂದು ಗದರಿದರು. ಕುಳಿತೆ.

ಇದು ಚಿತ್ರಕಲಾವಿದ ದಂಪತಿ ಶರತ್ಚಂದ್ರ ಮತ್ತು ಹೇಮಲತಾ ಅವರ ಮನೆ. ಕೆಳಗೆ ವಾಸ, ಅಟ್ಟದ ಮೇಲೆ ಚಿತ್ರ ಬರೆಯುವ ಕೋಣೆ. ಶರತ್ಚಂದ್ರ ಅವರ ತಂದೆ ಕೊಬ್ಬರಿ ವ್ಯಾಪಾರಿ. ಅವರ ಕಾಲಕ್ಕೆ ಈ ಅಟ್ಟದ ತುಂಬ ತೆಂಗಿನಕಾಯಿ. ಅರಸೀಕೆರೆ ಸೀಮೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ: ಕಾಯಿ ಅಟ್ಟದಲ್ಲೇ ತಿಂಗಳುಗಟ್ಟಲೆ ಒಣಗಿ ಒಳಗೆ ಉಂಡೆ ಕೊಬ್ಬರಿಯಾಗಬೇಕು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಆ ಕಾಯಿಯನ್ನೆಲ್ಲ ಹಿತ್ತಲ ಶೆಡ್ಡಿಗೆ ಇಳಿಸಿ ಮಗ–ಸೊಸೆ ಬಣ್ಣ ಕಲಸಲು ಕೂತಾಗ ಊರೇ ನಕ್ಕಿತಂತೆ. ಬೇಲೂರು, ಹಳೇಬೀಡು ಪಕ್ಕದಲ್ಲೇ ಇಟ್ಟುಕೊಂಡು ಒಂದು ಮದನಿಕೆಯನ್ನಾದರೂ ಬರೆಯಬಾರದೇ ಎಂದು ನೆಂಟರು ಕೇಳಿದರು. ಶರತ್ಚಂದ್ರ ಬರೆದದ್ದು ಶಿಲ್ಪಗಳ ನಡುವೆ ಬೀಳುವ ನೆರಳನ್ನು. ಹೇಮಲತಾ ಬರೆದದ್ದು ಬರೀ ಗೆರೆ, ಬರೀ ಬಣ್ಣ.

ಆಕಾರವಿಲ್ಲದ ಚಿತ್ರಗಳೆಂದರೆ ನನಗೂ ಅಷ್ಟಕ್ಕಷ್ಟೆ, ಮುಚ್ಚುಮರೆ ಏನಿಲ್ಲ. ಆದರೂ ಹೇಮಲತಾ ಅವರ ಒಂದು ಹಳದಿ ಚಿತ್ರದ ಮುಂದೆ ನಿಂತಾಗ, ಹುಚ್ಚೆಳ್ಳು ಹೂ ಬಿಟ್ಟ ಹೊಲದ ಬದುವಿನಲ್ಲಿ ಅಜ್ಜಿಯ ಕೈ ಹಿಡಿದು ನಡೆದದ್ದು ನೆನಪಾಯಿತು. ಹೂವೂ ಇಲ್ಲ, ಹೊಲವೂ ಇಲ್ಲ, ಬರೀ ಹಳದಿ. ಎಲ್ಲಿಂದ ಬಂತೋ ಅಜ್ಜಿ.

ಶರತ್ಚಂದ್ರ ತೀರಿಕೊಂಡು ವರ್ಷ ದಾಟಿದೆ. ಎಂಬತ್ತು ದಾಟಿದ ಹೇಮಲತಾ ಈಗ ಹಾಸನದಲ್ಲಿ ತಂಗಿಯ ಜೊತೆಗಿದ್ದಾರೆ. ಮನೆಯನ್ನು ಇದ್ದ ಹಾಗೇ ಉಳಿಸಬೇಕೆಂದು ಶರತ್ಚಂದ್ರ ಅವರ ಅಣ್ಣನ ಮಗ ಉದಯಕುಮಾರ್ ಒಂದು ಟ್ರಸ್ಟ್ ಮಾಡಿದ್ದಾರೆ. ಊರಿನ ಗುಡಿ ನೋಡಿ ಹಳೇಬೀಡಿಗೆ ಹೊರಟವರು ದಿನಕ್ಕೆ ನಾಲ್ಕೈದು ಮಂದಿ ಇಲ್ಲಿಗೂ ಬರುತ್ತಾರೆ, ಭಾನುವಾರ ಸ್ವಲ್ಪ ಹೆಚ್ಚು. ಬಾಗಿಲು ತೆಗೆಯುವುದು, ಧೂಳು ಹೊಡೆಯುವುದು, ಬಂದವರಿಗೆ ನೀರು ಕೊಡುವುದು, ಎಲ್ಲಕ್ಕೂ ಹನುಮಮ್ಮ ಒಬ್ಬರೇ.

ಇದೇ ಹಿತ್ತಲಲ್ಲಿ ಕರಟ ಒಡೆದು, ಕೊಬ್ಬರಿ ಆರಿಸಿ ಅರ್ಧ ಆಯಸ್ಸು ಕಳೆದವರು ಅವರು. ಆದರೆ ಬೀಗದಕೈ ಕೈಗೆ ಬರುವವರೆಗೆ ಅಟ್ಟ ಹತ್ತಿದವರಲ್ಲ. "ಅಮ್ಮಾವ್ರು ಮೇಲಕ್ ಬಾ ಬಾ ಅಂತ ಎಷ್ಟ್ ಸಲ ಕರುದ್ರು. ನಾನೇ ಹೋಗ್ಲಿಲ್ಲ. ದೊಡ್ಡ ಯಜಮಾನ್ರ ಕಾಲ್ದಲ್ಲಿ ನಮ್ಮೋರು ಜಗಲಿ ದಾಟ್ತಿರ್ಲಿಲ್ಲ. ಕಾಲ್ಗೆ ಅದೇ ರೂಢಿಯಾಗೋಗಿತ್ತು." ಹಾಸನಕ್ಕೆ ಹೊರಟ ದಿನ ಹೇಮಲತಾ ಕಾರಿನಿಂದ ಕೈ ಚಾಚಿ ಬೀಗದಕೈ ಇವರ ಅಂಗೈಲಿಟ್ಟು ಬೆರಳು ಮಡಿಸಿದರಂತೆ. ಬಾಣಾವರದ ಶಾಲೆಯಲ್ಲಿ ಟೀಚರ್ ಆಗಿರುವ ಮಗಳು ಮಂಜುಳಾ, ನಾನು ದುಡಿಯುವಾಗ ನಿನಗ್ಯಾಕವ್ವ ಈ ಚಾಕರಿ ಎಂದು ಇವತ್ತಿಗೂ ಜಗಳ ಕಾಯುತ್ತಾಳೆ.

ಈ ಯುಗಾದಿಗೆ ಆದದ್ದನ್ನು ಹನುಮಮ್ಮ ತಲೆ ತಗ್ಗಿಸಿಕೊಂಡೇ ಹೇಳಿದರು. ಸಾವಾದ ಮನೆಗೆ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಸುಣ್ಣವಿಲ್ಲ. ವರ್ಷದ ಕಾರ್ಯ ಮುಗಿದ ಮೇಲೂ ಗೋಡೆ ಹಾಗೇ ಇದ್ದರೆ ಮನೆಗೆ ಸೂತಕ ಬಿಟ್ಟಿಲ್ಲ ಎಂದೇ ಲೆಕ್ಕ. ಹಾಗಾಗಿ ಸುಣ್ಣ ಕಲಸಿದರು, ಒಂದು ಚಿಟಿಕೆ ನೀಲಿಯನ್ನೂ ಹಾಕಿದರು, ಕೆಳಗಿನ ಗೋಡೆ ಮುಗಿಸಿ ಅಟ್ಟವನ್ನೂ ಹಿಡಿದರು. ಕಿಟಕಿಯ ಪಕ್ಕದ ಗೋಡೆ ಶರತ್ಚಂದ್ರ ಕುಂಚ ಒರೆಸುತ್ತಿದ್ದ ಜಾಗ. ಬಣ್ಣ ಬದಲಿಸುವಾಗಲೆಲ್ಲ ಅಲ್ಲೊಂದು ಎಳೆತ. ಮದುವೆಯಾದ ಹೊಸದರಿಂದ ಕೊನೆಯ ದಿನದವರೆಗಿನ ಬಣ್ಣವೆಲ್ಲ ಆ ಗೋಡೆಯಲ್ಲಿತ್ತು.

"ನಂಗದು ಕೊಳೆ ಅನ್ನುಸ್ತು ಸ್ವಾಮಿ. ಮೊದಲ್ನೇ ಕೋಟ್ಗೆ ಬಣ್ಣ ಉಬ್ಬಿ ಈಚೆಗ್ ಬಂತು. ನಾನೂ ಹಟಕ್ ಬಿದ್ದು ಇನ್ನೊಂದ್ ಕೋಟು ಹೊಡೆದೆ."

ನೀರಲ್ಲಿ ಕಲಸಿದ ಪುಡಿಬಣ್ಣ ಅದು, ಸುಣ್ಣದ ಜೊತೆ ಕಲೆತುಹೋಯಿತು. ಉದಯಕುಮಾರ್ ಬಂದು ನೋಡಿ ತಲೆಯ ಮೇಲೆ ಕೈಹೊತ್ತು ಕೂತರು. ಒದ್ದೆ ಬಟ್ಟೆಯಲ್ಲಿ ಒಂದು ಮೂಲೆ ಒರೆಸಿ ನೋಡಿದರೆ ಸುಣ್ಣದೊಂದಿಗೆ ಬಣ್ಣವೂ ಕಿತ್ತುಬಂತು. ಹೇಮಲತಾ ಅವರಿಗೆ ಯಾರೂ ಹೇಳಿಲ್ಲ. ಹಾಸನಕ್ಕೆ ಹೋದ ಮೇಲೆ ಮೊದಲ ಸಲ, ಈ ಭಾನುವಾರ ಅವರು ಮನೆ ನೋಡಲು ಬರುವವರಿದ್ದಾರೆ. "ಕೆಲಸ ಬಲ್ಲವರನ್ನು ಇಡೋಣ ಅಂತಿದೀನಿ. ಆದರೆ ಬೀಗದಕೈ ಕೊಟ್ಟೋರು ಚಿಕ್ಕಮ್ಮ, ಅವರೇ ಹೇಳಲಿ" ಎಂದರು ಉದಯಕುಮಾರ್. ಹನುಮಮ್ಮನ ಚಿಂತೆ ಬೇರೆ. "ಕೆಲಸ ಹೋದ್ರೆ ಹೋಗ್ಲಿ, ಮಗಳು ಅನ್ನ ಹಾಕ್ತಾಳೆ. ಅಮ್ಮಾವ್ರು ಆ ಗ್ವಾಡೆ ನೋಡಿದ್ ಮ್ಯಾಲೆ ನನ್ ಮಖ ನೋಡ್ತಾರಾ ಅಂತ."

ಬರೆಯುವವನ ಕೆಲಸ ಅಲ್ಲಿಗೆ ಮುಗಿದಿತ್ತು. ಮನಸ್ಸು ಕೇಳಬೇಕಲ್ಲ. ಭಾನುವಾರ ಮತ್ತೆ ಹೋದೆ.

ಹೇಮಲತಾ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಹನುಮಮ್ಮನ ಭುಜ ಹಿಡಿದು ಮೇಲೆ ಬಂದರು. ಕಿಟಕಿಯ ಕಡೆ ತಿರುಗಿದವರು ಹಾಗೇ ನಿಂತುಬಿಟ್ಟರು. "ನಾನೇ ಅಮ್ಮಾವ್ರೇ" ಎಂದು ಹನುಮಮ್ಮ ಬೀಗದಕೈ ಬಿಚ್ಚಿ ಮುಂದೆ ಹಿಡಿದರು. ಉದಯಕುಮಾರ್ ಹಿಂದೆಯೇ ಮೆಟ್ಟಿಲು ಹತ್ತಿ ಬಂದರು.

ಹೇಮಲತಾ ಗೋಡೆಯ ಮೇಲೆ ಅಂಗೈ ಇಟ್ಟರು, ತೆಗೆದು ಅಂಟಿದ ಸುಣ್ಣ ನೋಡಿದರು. "ಬಂದ ಹೊಸದರಲ್ಲೇ ಹೇಳಿದ್ದೆ, ಈ ಗೋಡೆ ಗಲೀಜು ಮಾಡಬೇಡ್ರೀ, ಒಂದು ಸಲ ಸುಣ್ಣ ಹೊಡೆಸಿ ಅಂತ. ಜೀವಮಾನ ಪೂರ್ತಿ ಜಗಳ ಆಡಿದೆ. ಮುಂದಿನ ಯುಗಾದಿಗೆ, ಮುಂದಿನ ಯುಗಾದಿಗೆ ಅಂತಾನೇ ಹೋಗಿಬಿಟ್ಟರು." ಅಷ್ಟು ಹೇಳಿ ಅತ್ತರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂದರು: "ಬೇಜಾರಾಗಿದೆ ಹನುಮಮ್ಮ, ಇಲ್ಲ ಅನ್ನಲ್ಲ. ಬೀಗದಕೈ ನಿನ್ನ ಹತ್ರಾನೇ ಇರಲಿ. ಸುಣ್ಣದ ಡಬ್ಬ ಮಾತ್ರ ಕೆಳಗಿಳಿಸು."

ಉದಯಕುಮಾರ್ ನಕ್ಕರು. ಹನುಮಮ್ಮನಿಗೆ ನಗು ಬರಲಿಲ್ಲ, ಬೀಗದಕೈ ಗಟ್ಟಿಯಾಗಿ ಹಿಡಿದುಕೊಂಡು ಬಿಕ್ಕಿದರು.

ಹೇಮಲತಾ ನೀರು ತರಿಸಿದರು, ಒಂದು ಚಿಪ್ಪಿನ ಬೂದಿನೀಲಿ ಕಲಸಿದರು, ಬಿಳಿ ಗೋಡೆಗೆ ಕುಂಚ ಒತ್ತಿ ಒಂದು ಎಳೆತ ಎಳೆದರು. "ಬಿಳೀ ಜಾಗ ಕಂಡ್ರೆ ಅವರು ಬಿಡ್ತಿರಲಿಲ್ಲ" ಎನ್ನುತ್ತ ಕುಂಚವನ್ನು ಹನುಮಮ್ಮನ ಕಡೆ ಚಾಚಿದರು. "ನೀನೂ ಒರೆಸು."

"ಅಯ್ಯೋ, ನಂಗ್ ಬರಕಿಲ್ಲ."

"ಒರೆಸೋಕೆ ಬರೋದೇನೇ? ದಿನಾ ಒರೆಸ್ತೀಯಲ್ಲ."

ಹನುಮಮ್ಮ ಆ ಕುಂಚ ತೆಗೆದುಕೊಳ್ಳಲಿಲ್ಲ. ಚಿಪ್ಪುಗಳ ಸಾಲಿನ ಮುಂದೆ ಬಗ್ಗಿ ಒಂದಷ್ಟು ಹೊತ್ತು ನೋಡಿದರು. ಬೇರೆ ಕುಂಚ ಆರಿಸಿಕೊಂಡು, ಕೆಮ್ಮಣ್ಣಿನ ಬಣ್ಣ ಕಲಸಿ, ಗೋಡೆಯ ನಡುಮಧ್ಯೆ, ತಮ್ಮ ಎದೆಯ ಎತ್ತರಕ್ಕೆ, ಒಂದೇ ಉಸಿರಿಗೆ ಎಳೆದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಬುಡದಲ್ಲಿ ಇನ್ನೊಂದಿಷ್ಟು ಸೇರಿಸಿದರು.

ಹೇಮಲತಾ ಕೆಳಗಿಳಿದು ಊಟಕ್ಕೆ ಕೂತಾಗ, ಹಳೇಬೀಡಿಗೆ ಹೊರಟ ಮೈಸೂರಿನ ಒಂದು ಕುಟುಂಬ ಮನೆ ನೋಡಲು ಬಂತು. ಬಿಳಿ ಗೋಡೆಯ ಮುಂದೆ ನಿಂತ ಹೆಂಗಸು, ಈ ಕೆಂಪು ಯಜಮಾನರು ಬರೆದದ್ದೋ ಅವರ ಹೆಂಡತಿ ಬರೆದದ್ದೋ ಎಂದು ಕೇಳಿದರು.

ಹನುಮಮ್ಮ ಸೆರಗು ಸರಿ ಮಾಡಿಕೊಂಡರು.

"ಅದು ನಂದು ಕಣ್ರೀ" ಎಂದರು. "ಒಸಿ ದೂರ ನಿಂತ್ಕಳಿ, ಇನ್ನೂ ಹಸಿ ಐತೆ."